ಅತಿಥಿಗಳ ಕೋಣೆಯಲ್ಲಿ ಕೂದಲು ಉಳಿಯದಂತೆ: ಪೊರಕೆಯೋ, ರಬ್ಬರ್ ಪೊರಕೆಯೋ, ವ್ಯಾಕ್ಯೂಮೋ?

ಕೆಲವು ವರ್ಷಗಳ ಹಿಂದೆ, ದಸರಾ ರಜೆಯಲ್ಲಿ ನಮ್ಮ ಹೋಂಸ್ಟೇಗೆ ಬಂದಿದ್ದ ಕುಟುಂಬವೊಂದು ಕೋಣೆಗೆ ಹೋದ ಹತ್ತೇ ನಿಮಿಷಕ್ಕೆ ಹೊರಗೆ ಬಂತು. ತಾಯಿಯ ಕೈಯಲ್ಲಿ ಬಿಳಿ ದಿಂಬಿನ ಕವರು ಇತ್ತು. ಅದರ ಹೊಲಿಗೆಯ ಸಾಲಿನಲ್ಲಿ ಮೊಳದುದ್ದದ ಕರಿಯ ಕೂದಲೊಂದು ಅರ್ಧ ಒಳಗೆ, ಅರ್ಧ ಹೊರಗೆ ಸಿಕ್ಕಿಕೊಂಡಿತ್ತು. "ಆಂಟಿ, ಕವರ್ ಬದಲಾಯಿಸಿಲ್ಲ ಅನ್ನಿಸುತ್ತೆ" ಎಂದು ಅವರು ಮೆಲ್ಲಗೆ ಹೇಳಿದರು. ಕವರು ಆ ದಿನ ಬೆಳಿಗ್ಗೆಯಷ್ಟೇ ಒಗೆದು ಒಣಗಿಸಿದ ಕಟ್ಟಿನಿಂದ ತೆಗೆದದ್ದು. ಒಗೆಯುವಾಗ ಹೊಲಿಗೆಗೆ ಸೇರಿಕೊಂಡ ಕೂದಲು ಅಲ್ಲಿಯೇ ಉಳಿದಿತ್ತು. ಹಾಗೆಂದು ಅತಿಥಿಗೆ ವಿವರಿಸಿ ಪ್ರಯೋಜನವಿಲ್ಲ. ಕೂದಲು ಕಂಡ ಕ್ಷಣದಲ್ಲಿಯೇ ಅವರ ಪಾಲಿಗೆ ಆ ಹಾಸಿಗೆ ಬೇರೆ ಯಾರೋ ಮಲಗಿ ಎದ್ದುಹೋದ ಹಾಸಿಗೆಯಾಗಿಬಿಡುತ್ತದೆ. ಧೂಳನ್ನು ಕ್ಷಮಿಸುವವರೂ ಕೂದಲನ್ನು ಕ್ಷಮಿಸುವುದಿಲ್ಲ.

ಮೂಡಿಗೆರೆಯ ಕಡೆಯ ನಮ್ಮ ಮನೆಯಲ್ಲಿ ನಾಲ್ಕು ಕೋಣೆಗಳನ್ನು ಅತಿಥಿಗಳಿಗೆ ಕೊಡುತ್ತೇವೆ. ಹಳೆಯ ಭಾಗದ ಎರಡು ಕೋಣೆಗಳಿಗೆ ರೆಡ್ ಆಕ್ಸೈಡ್ ನೆಲ, ಹೊಸದಾಗಿ ಕಟ್ಟಿಸಿದ ಒಂದಕ್ಕೆ ವಿಟ್ರಿಫೈಡ್ ಟೈಲ್ಸ್, ಅಟ್ಟವನ್ನು ಸರಿಪಡಿಸಿ ಮಾಡಿದ ಇನ್ನೊಂದಕ್ಕೆ ಮರದ ಹಲಗೆಯ ನೆಲ. ಹೀಗಾಗಿ ಒಂದೇ ಮನೆಯಲ್ಲಿ ನಾನಾ ಬಗೆಯ ಸಾಧನಗಳನ್ನು ಬಳಸಿ ನೋಡುವ ಅವಕಾಶ ಸಿಕ್ಕಿತು. ಹೊಸದಾಗಿ ಹೋಂಸ್ಟೇ ಆರಂಭಿಸುತ್ತಿರುವ ಪರಿಚಯದವರು "ಯಾವುದನ್ನು ಕೊಳ್ಳಲಿ?" ಎಂದು ಕೇಳುತ್ತಲೇ ಇರುತ್ತಾರೆ. ಉತ್ತರ ಒಂದೇ ಇಲ್ಲ. ಆದರೆ ಯಾರಿಗೆ ಯಾವುದು ಒಗ್ಗುತ್ತದೆ ಎಂಬುದನ್ನು ಹೇಳಬಹುದು.

ಮೊದಲು ಕೂದಲಿನ ಸ್ವಭಾವ

ಮನುಷ್ಯರ ತಲೆಯಿಂದ ದಿನಕ್ಕೆ ಸುಮಾರು 50ರಿಂದ 100 ಕೂದಲು ಉದುರುವುದು ಸಹಜ. ನಾಲ್ವರ ಕುಟುಂಬ ಎರಡು ದಿನ ತಂಗಿದರೆ ಆ ಕೋಣೆಯಲ್ಲಿ, ಬಚ್ಚಲಿನಲ್ಲಿ, ಹಾಸಿಗೆಯಲ್ಲಿ ಎಷ್ಟು ಉಳಿದಿರಬಹುದು ಎಂಬುದನ್ನು ಲೆಕ್ಕ ಹಾಕಿಕೊಳ್ಳಿ. ಕೂದಲಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಪೊರೆಗಳು ಮೀನಿನ ಪೊರೆಗಳಂತೆ ಒಂದರ ಮೇಲೊಂದು ಕುಳಿತಿರುತ್ತವೆ, ಎಲ್ಲವೂ ತುದಿಯ ಕಡೆಗೆ ಮುಖಮಾಡಿ. ಆದ್ದರಿಂದ ಬಟ್ಟೆಯ ನೇಯ್ಗೆಗೆ ಬಿದ್ದ ಕೂದಲು ಉಜ್ಜಿದಾಗಲೆಲ್ಲ ಬುಡದ ಕಡೆಗೆ ಮುಂದೆ ಸರಿಯುತ್ತದೆಯೇ ಹೊರತು ಹಿಂದಕ್ಕೆ ಬರುವುದಿಲ್ಲ. ಟವೆಲಿನಲ್ಲಿ, ಕಂಬಳಿಯಲ್ಲಿ, ಹೊಲಿಗೆಯಲ್ಲಿ ಅದು ಹೊಲಿದಂತೆ ಸೇರಿಕೊಳ್ಳುವುದು ಇದರಿಂದಲೇ.

ಎರಡನೆಯ ಸಂಗತಿ ನೀರಿನದು. ಒಣ ನೆಲದ ಮೇಲಿನ ಒಣ ಕೂದಲು ಉಸಿರಿಗೂ ಹಾರುತ್ತದೆ. ಒದ್ದೆಯಾದೊಡನೆ ಟೈಲ್ಸಿಗೆ ಅಂಟಿ ಪೊರಕೆಗೂ ಬರುವುದಿಲ್ಲ, ಬಟ್ಟೆಗೂ ಬರುವುದಿಲ್ಲ. ಕೂದಲನ್ನು ಒಣಗಿರುವಾಗಲೇ ತೆಗೆದು, ಆಮೇಲೆ ನೀರು ಮುಟ್ಟಿಸಬೇಕು. ಯಾವ ಸಾಧನವನ್ನು ಕೊಂಡರೂ ಈ ಕ್ರಮ ತಪ್ಪಿದರೆ ಹಣ ವ್ಯರ್ಥ.

ಯಾವುದನ್ನು ನೋಡಿ ಆರಿಸಬೇಕು?

ನೆಲ ಯಾವುದು ಎಂಬುದೇ ಮೊದಲನೆಯ ಅಳತೆ. ಎರಡನೆಯದು ಸಮಯ: ಹನ್ನೊಂದಕ್ಕೆ ಒಬ್ಬರು ಹೊರಟು ಒಂದಕ್ಕೆ ಇನ್ನೊಬ್ಬರು ಬರುವ ವಾರಾಂತ್ಯದಲ್ಲಿ ಒಂದು ಕೋಣೆಗೆ ಸಿಗುವುದು ಮುಕ್ಕಾಲು ಗಂಟೆ. ಮೂರನೆಯದು ಕರೆಂಟು. ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ತಂತಿ ತುಂಡಾದರೆ ಎರಡು ಮೂರು ದಿನ ಕರೆಂಟು ಬಾರದೆ ಇರುವುದು ನಮಗೆ ಹೊಸತಲ್ಲ, ಮನೆಯ ಸಾಮಾನ್ಯ ಇನ್ವರ್ಟರ್ ಸಾವಿರ ವ್ಯಾಟಿಗೂ ಮೀರಿದ ವ್ಯಾಕ್ಯೂಮನ್ನು ಎಳೆಯುವುದಿಲ್ಲ. ನಾಲ್ಕನೆಯದು ಖರ್ಚು, ಕೊಳ್ಳುವಾಗಿನ ಬೆಲೆಯಷ್ಟೇ ಅಲ್ಲ, ಬ್ಯಾಟರಿ, ಫಿಲ್ಟರ್, ಅಂಟು ಹಾಳೆ ಎಂದು ಮತ್ತೆ ಮತ್ತೆ ಬೀಳುವ ಖರ್ಚು ಕೂಡ. ಕೊನೆಯದನ್ನು ಬಹಳ ಮಂದಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ: ಕೆಲಸ ಮಾಡುವವರ ಸೊಂಟ. ದಿನಕ್ಕೆ ನಾಲ್ಕು ಕೋಣೆಗಳ ಮಂಚದ ಕೆಳಗೆ ಬಗ್ಗಿ ಗುಡಿಸುವುದು ಸಣ್ಣ ಶ್ರಮವಲ್ಲ. ದಣಿದವರ ಕಣ್ಣಿಗೆ ನಾಲ್ಕನೆಯ ಕೋಣೆಯ ಮೂಲೆ ಕಾಣಿಸದಿದ್ದರೆ ಅದು ಅವರ ತಪ್ಪಲ್ಲ.

ನೆಲಕ್ಕೆ: ನಾಲ್ಕು ದಾರಿಗಳು

ಹುಲ್ಲಿನ ಪೊರಕೆ ನೂರೈವತ್ತು ಇನ್ನೂರು ರೂಪಾಯಿಗೆ ಸಿಗುತ್ತದೆ, ಕರೆಂಟು ಬೇಡ, ಮೂಲೆಗೆ ಹೋಗುತ್ತದೆ, ಹೊಸ್ತಿಲು ದಾಟುತ್ತದೆ. ಕೂದಲಿನ ವಿಷಯದಲ್ಲಿ ಅದಕ್ಕಿರುವ ದೊಡ್ಡ ದೋಷವೆಂದರೆ ಬೀಸಿದಾಗ ಎದ್ದ ಗಾಳಿಗೆ ಕೂದಲು ಮುಂದೆ ಮುಂದೆ ಹಾರಿ ಮಂಚದ ಕಾಲಿಗೋ ಪರದೆಯ ಅಂಚಿಗೋ ಹೋಗಿ ಕೂರುವುದು. ಸಿಕ್ಕಿದ ಕೂದಲು ಹುಲ್ಲಿನ ಎಳೆಗಳಿಗೆ ಸುತ್ತಿಕೊಂಡು, ಮುಂದಿನ ಕೋಣೆಯಲ್ಲಿ ಉದುರುವುದೂ ಉಂಟು. ಅತಿಥಿಗಳ ಕೋಣೆಗೆಂದು ಬೇರೆ ಪೊರಕೆಯನ್ನೇ ಇಟ್ಟು, ಪ್ರತಿ ಕೋಣೆಯ ನಂತರ ಹೊರಗೆ ಕೊಡವಿ, ಫ್ಯಾನ್ ಆರಿಸಿ, ಎತ್ತಿ ಬೀಸದೆ ನೆಲಕ್ಕೆ ಒತ್ತಿ ಎಳೆದು ಗುಡಿಸಿದರೆ ಅದೇ ಪೊರಕೆ ಎರಡರಷ್ಟು ಕೆಲಸ ಕೊಡುತ್ತದೆ. ತೆಂಗಿನ ಕಡ್ಡಿಯ ಪೊರಕೆ ಅಂಗಳಕ್ಕೆ ಸರಿ, ಒಳಗೆ ಬೇಡ. ಕಡ್ಡಿಗಳ ನಡುವಿನಿಂದ ಕೂದಲು ಹಾಗೆಯೇ ನುಸುಳುತ್ತದೆ.

ರಬ್ಬರ್ ಪೊರಕೆ ಎಂದು ಮಾರುವ, ಉದ್ದ ಹಿಡಿಯ ತುದಿಗೆ ರಬ್ಬರ್ ಹಲ್ಲುಗಳಿರುವ ಸಾಧನವನ್ನು ಮುನ್ನೂರರಿಂದ ಏಳುನೂರು ರೂಪಾಯಿಯ ಒಳಗೆ ಕೊಳ್ಳಬಹುದು. ಕೂದಲಿಗೆಂದೇ ಒಂದನ್ನು ಮಾತ್ರ ಕೊಳ್ಳುವುದಾದರೆ ನಾನು ಇದನ್ನೇ ಹೇಳುತ್ತೇನೆ. ರಬ್ಬರ್ ನೆಲಕ್ಕೆ ಹಿಡಿದುಕೊಂಡು ಎಳೆಯುವುದರಿಂದ ಕೂದಲು ಹಾರುವುದಿಲ್ಲ, ಉರುಳಿ ಉರುಳಿ ಒಂದು ಉಂಡೆಯಾಗಿ ನಿಮ್ಮ ಕಾಲಬುಡಕ್ಕೆ ಬರುತ್ತದೆ. ಮೊದಲ ಬಾರಿ ಎಳೆದಾಗ ಗುಡಿಸಿ ಮುಗಿದ ರೆಡ್ ಆಕ್ಸೈಡ್ ನೆಲದಿಂದ ನಿಂಬೆಹಣ್ಣಿನ ಗಾತ್ರದ ಉಂಡೆ ಬಂದದ್ದನ್ನು ಕಂಡು, ನಮ್ಮಲ್ಲಿ ಕೆಲಸಕ್ಕೆ ಬರುವಾಕೆ "ಅಕ್ಕ, ಇಷ್ಟು ದಿನ ಇದೆಲ್ಲ ಇಲ್ಲೇ ಇತ್ತಾ?" ಎಂದು ಕೇಳಿದಳು. ಒದ್ದೆ ನೆಲದಲ್ಲೂ, ಚಾಪೆಯ ಮೇಲೂ, ದಪ್ಪ ಕಾರ್ಪೆಟ್ಟಿನ ಮೇಲೂ ಇದು ನಡೆಯುತ್ತದೆ, ನೆಲಕ್ಕೆ ಗೀರು ಬೀಳುವುದಿಲ್ಲ, ತೊಳೆದರೆ ಸ್ವಚ್ಛ. ಆದರೆ ನುಣ್ಣನೆಯ ಧೂಳನ್ನು ಅದು ಬಿಟ್ಟುಬಿಡುತ್ತದೆ, ಗೋಡೆಯ ಬುಡದ ಇಕ್ಕಟ್ಟಿಗೆ ಅದರ ಹಲ್ಲು ತಲುಪುವುದಿಲ್ಲ. ಆದ್ದರಿಂದ ಪೊರಕೆಯ ಜೊತೆಗೆ ಇರಬೇಕಾದದ್ದು, ಪೊರಕೆಯ ಬದಲಿಗೆ ಅಲ್ಲ.

ಮೈಕ್ರೋಫೈಬರ್ ಚಪ್ಪಟೆ ಮಾಪ್ ಅನ್ನು ಒಣದಾಗಿ ತಳ್ಳಿದರೆ ಕೂದಲು, ಧೂಳು ಎರಡೂ ಅದಕ್ಕೆ ಅಂಟಿಕೊಂಡು ಬರುತ್ತವೆ. ವಿಟ್ರಿಫೈಡ್ ಟೈಲ್ಸಿನಂಥ ನುಣುಪು ನೆಲದಲ್ಲಿ ಇದರಷ್ಟು ಬೇಗ ಕೆಲಸ ಮುಗಿಸುವುದು ಬೇರೊಂದಿಲ್ಲ, ಬಗ್ಗುವುದೂ ಬೇಡ. ತೊಂದರೆ ಇರುವುದು ನಂತರ. ಎಳೆಗಳಲ್ಲಿ ಹೆಣೆದುಕೊಂಡ ಕೂದಲು ತೊಳೆದರೆ ಹೋಗುವುದಿಲ್ಲ. ಬಟ್ಟೆ ಪೂರ್ತಿ ಒಣಗಿದ ಮೇಲೆ ಗಟ್ಟಿ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಬಾಚಿ ತೆಗೆಯಬೇಕು. ಹಾಗೆ ಮಾಡದೆ ಅದೇ ಬಟ್ಟೆಯನ್ನು ಒದ್ದೆ ಮಾಡಿ ಮತ್ತೊಂದು ಕೋಣೆಯನ್ನು ಒರೆಸಿದರೆ, ಆ ಕೋಣೆಯ ಕೂದಲನ್ನು ಈ ಕೋಣೆಗೆ ತಂದು ಹಚ್ಚಿದಂತೆ. ಕೋಣೆಗೊಂದರಂತೆ ಬಟ್ಟೆಗಳನ್ನು ಇಟ್ಟುಕೊಳ್ಳಲು ಸಿದ್ಧರಿದ್ದರೆ ಮಾತ್ರ ಇದನ್ನು ಆರಿಸಿ.

ವ್ಯಾಕ್ಯೂಮ್ ಬಗ್ಗೆ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಹೆಚ್ಚು ಹಣ ಹಾಕಿ ಮೂಲೆಗೆ ಸೇರಿಸುವುದೂ ಅದನ್ನೇ. ಐದರಿಂದ ಹತ್ತು ಸಾವಿರದ ಒಳಗೆ ಸಿಗುವ ವಯರಿನ ವ್ಯಾಕ್ಯೂಮಿಗೆ ಎಳೆತ ಜೋರು, ಸದ್ದೂ ಜೋರು. ಪಕ್ಕದ ಕೋಣೆಯಲ್ಲಿ ಅತಿಥಿಗಳು ಮಲಗಿರುವಾಗ ಬಳಸಲಾಗದು. ಒದ್ದೆ ಒಣ ಎರಡನ್ನೂ ಎಳೆಯುವ ಬಗೆಯದಾದರೆ ಬಚ್ಚಲಿಗೂ ಆಗುತ್ತದೆ, ಆದರೆ ತೂಕದ್ದು. ಮೆಟ್ಟಿಲು ಹತ್ತಿಸಿ ಇಳಿಸುವುದು ಕಷ್ಟ. ಕೈಯಲ್ಲಿ ಹಿಡಿದು ನಡೆಯುವ ಬ್ಯಾಟರಿಯ ಕೋಲು ವ್ಯಾಕ್ಯೂಮ್ ಹಗುರ, ಮಂಚದ ಕೆಳಗೆ ಸಲೀಸಾಗಿ ಹೋಗುತ್ತದೆ, ಕರೆಂಟು ಹೋದ ದಿನವೂ ಒಮ್ಮೆ ತುಂಬಿಸಿಟ್ಟ ಚಾರ್ಜಿನಲ್ಲಿ ಇಪ್ಪತ್ತರಿಂದ ನಲವತ್ತು ನಿಮಿಷ ನಡೆಯುತ್ತದೆ. ಕೆಲವು ವರ್ಷಗಳಲ್ಲಿ ಬ್ಯಾಟರಿ ಸೋಲುತ್ತದೆ ಎಂಬುದನ್ನು ಬೆಲೆಯ ಜೊತೆಗೇ ಸೇರಿಸಿ ನೋಡಬೇಕು.

ಇಲ್ಲಿ ಅಂಗಡಿಯವರು ಹೇಳದ ಒಂದು ಮಾತಿದೆ. ನಮ್ಮ ಹೆಣ್ಣುಮಕ್ಕಳ ಉದ್ದ ಕೂದಲು ವ್ಯಾಕ್ಯೂಮಿನ ಬಾಯಲ್ಲಿ ತಿರುಗುವ ಉರುಳೆಗೆ ದಾರದ ಉಂಡೆಯಂತೆ ಸುತ್ತಿಕೊಂಡು, ಎರಡು ಕಡೆಯ ತುದಿಗಳಿಗೂ ಸೇರಿ ಉರುಳೆಯನ್ನೇ ನಿಲ್ಲಿಸುತ್ತದೆ. ವಾರಕ್ಕೊಮ್ಮೆ ಉರುಳೆಯನ್ನು ಬಿಚ್ಚಿ, ಕತ್ತರಿಯನ್ನು ಅದರ ಉದ್ದಕ್ಕೂ ಆಡಿಸಿ, ಸುತ್ತಿದ್ದನ್ನು ಕೊಯ್ದು ತೆಗೆಯಲೇಬೇಕು. ಟೈಲ್ಸ್, ಗಾರೆ, ಮರ ಇವುಗಳಿಗೆ ಉರುಳೆಯೇ ಇಲ್ಲದ ಚಪ್ಪಟೆ ಬಾಯಿ ಸಾಕು. ಕೊಳ್ಳುವಾಗ ಆ ಬಾಯಿ ಜೊತೆಗೆ ಬರುತ್ತದೆಯೇ ಎಂದು ಕೇಳಿ. ಮರದ ಹಲಗೆಯ ನೆಲಕ್ಕೆ ಮಾತ್ರ ವ್ಯಾಕ್ಯೂಮಿಗೆ ಬದಲಿಯಿಲ್ಲ. ಹಲಗೆಗಳ ನಡುವಿನ ಸಂದಿಗೆ ಇಳಿದ ಕೂದಲನ್ನು ಪೊರಕೆಯೂ ರಬ್ಬರೂ ಎತ್ತಲಾರವು, ಒದ್ದೆ ಬಟ್ಟೆ ಇನ್ನಷ್ಟು ಒಳಗೆ ತಳ್ಳುತ್ತದೆ. ನಮ್ಮ ಅಟ್ಟದ ಕೋಣೆಗಾಗಿಯೇ ನಾವು ಕೋಲು ವ್ಯಾಕ್ಯೂಮ್ ಕೊಂಡದ್ದು.

ತಾನೇ ಓಡಾಡುವ ರೋಬೋ ವ್ಯಾಕ್ಯೂಮ್ ಬಗ್ಗೆಯೂ ಕೇಳುತ್ತಾರೆ. ಸಾಮಾನ್ಯವಾಗಿ ಅದು ಎರಡು ಸೆಂಟಿಮೀಟರಿನಷ್ಟು ಎತ್ತರವನ್ನು ಮಾತ್ರ ಹತ್ತುತ್ತದೆ. ನಮ್ಮ ಹಳೆಯ ಮನೆಗಳ ಹೊಸ್ತಿಲು ನಾಲ್ಕು ಇಂಚು. ನಡುವೆ ಹೊಸ್ತಿಲಿಲ್ಲದ ಬೆಂಗಳೂರಿನ ಸರ್ವಿಸ್ ಅಪಾರ್ಟ್‌ಮೆಂಟಿಗೆ ಅದು ಸರಿಹೋಗಬಹುದು, ತೋಟದ ಮನೆಗೆ ಬೇಡ.

ಹಾಸಿಗೆ: ಅತಿಥಿ ಮೊದಲು ನೋಡುವ ಜಾಗ

ನೆಲದ ಮೇಲಿನ ಒಂದು ಕೂದಲನ್ನು ದಾಟಿ ಹೋಗುವವರು ದಿಂಬಿನ ಮೇಲಿನದನ್ನು ದಾಟುವುದಿಲ್ಲ. ಹಣ ಕಡಿಮೆಯಿದ್ದರೆ ನೆಲದ ಸಾಧನದಲ್ಲಿ ಉಳಿಸಿ, ಹಾಸಿಗೆಗೆ ಹಾಕಿ.

ಬಟ್ಟೆಯ ಆಯ್ಕೆಯಿಂದಲೇ ಅರ್ಧ ಕೆಲಸ ಕಡಿಮೆಯಾಗುತ್ತದೆ. ಒತ್ತಾಗಿ ನೇಯ್ದ ನುಣುಪು ಹತ್ತಿಯ ಹಾಸಿನಿಂದ ಕೂದಲು ಕೈಯಾಡಿಸಿದರೆ ಜಾರುತ್ತದೆ. ಚಳಿಗೆಂದು ನಾವೆಲ್ಲ ಕೊಳ್ಳುವ ಮೆತ್ತನೆಯ ರೋಮದ ರಗ್ಗುಗಳು, ಉಣ್ಣೆಯ ಕಂಬಳಿಗಳು ಕೂದಲನ್ನು ನುಂಗುತ್ತವೆ. ಪ್ರತಿ ಅತಿಥಿಗೂ ಅವನ್ನು ಒಗೆಯಲು ಆಗುವುದೂ ಇಲ್ಲ. ರಗ್ಗಿಗೆ ದಿಂಬಿನಂತೆ ಕವರು ಹೊಲಿಸಿ, ಕವರನ್ನು ಮಾತ್ರ ಪ್ರತಿ ಸಲ ಬದಲಾಯಿಸುವುದು ನಮಗೆ ಒಗ್ಗಿದ ದಾರಿ. ಬಿಳಿಯ ಹಾಸೋ ಬಣ್ಣದ್ದೋ ಎಂಬ ಪ್ರಶ್ನೆಗೆ ನನ್ನ ಉತ್ತರ ಬಿಳಿಯೇ. ಹೂವಿನ ಚಿತ್ತಾರದ ಹಾಸಿನಲ್ಲಿ ಕೂದಲು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ರಾತ್ರಿ ಅದರ ಮೇಲೆ ಕೆನ್ನೆ ಇಟ್ಟವರಿಗೆ ಗೊತ್ತಾಗುತ್ತದೆ. ಬಿಳಿಯದರಲ್ಲಿ ತಪ್ಪು ಮೊದಲು ನಮಗೇ ಕಾಣುತ್ತದೆ. ಆದರೆ ಕರೆ ಬಿಡಿಸುವ ಕೆಲಸ ಹೆಚ್ಚು, ಬೋರ್‌ವೆಲ್ಲಿನ ಗಡಸು ನೀರಿಗೆ ಬಿಳಿ ಬೇಗ ಮಾಸುತ್ತದೆ. ಅಂಥ ಕಡೆ ತಿಳಿ ಕೆನೆ ಬಣ್ಣ, ಚಿತ್ತಾರವಿಲ್ಲದ್ದು, ಆಗಬಹುದು.

ತೆಗೆಯುವ ಸಾಧನಗಳಲ್ಲಿ ಅಂಟು ಹಾಳೆಯ ರೋಲರ್ ಬೇಗ ಕೆಲಸ ಮಾಡುತ್ತದೆ, ಹಾಸಿದ ಹಾಸಿಗೆಯ ಮೇಲೆ ಕೊನೆಯ ಸುತ್ತಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಒಂದು ಜೋಡಿ ಮಂಚಕ್ಕೆ ಎರಡು ಮೂರು ಹಾಳೆ ಹೋಗುತ್ತದೆ. ತಿಂಗಳಿಡೀ ಅತಿಥಿಗಳಿರುವ ಮನೆಯಲ್ಲಿ ಅದೊಂದು ನಿತ್ಯದ ಖರ್ಚು, ಪ್ಲಾಸ್ಟಿಕ್ ಕಸವೂ ಹೌದು. ಅದರ ಬದಲು ಪಾತ್ರೆ ತೊಳೆಯುವ ರಬ್ಬರ್ ಗ್ಲೌಸನ್ನು ಕೈಗೆ ಹಾಕಿ, ಸ್ವಲ್ಪವೇ ತೇವ ಮಾಡಿ, ಸೋಫಾ, ರಗ್ಗು, ಮ್ಯಾಟ್ರೆಸ್‌ಗಳ ಮೇಲೆ ಒಂದೇ ದಿಕ್ಕಿಗೆ ಸವರಿಕೊಂಡು ಬಂದರೆ ಕೂದಲು ಸುರುಳಿಯಾಗಿ ಅಂಚಿಗೆ ಬಂದು ನಿಲ್ಲುತ್ತದೆ. ನೂರು ರೂಪಾಯಿಯೊಳಗಿನ ಗ್ಲೌಸು ತಿಂಗಳುಗಟ್ಟಲೆ ಬಾಳುತ್ತದೆ. ನಾವು ದಪ್ಪ ಬಟ್ಟೆಗೆಲ್ಲ ಗ್ಲೌಸು, ಹಾಸಿದ ಮೇಲಿನ ಕಡೆಯ ನೋಟಕ್ಕೆ ಮಾತ್ರ ರೋಲರ್ ಎಂದು ಹಂಚಿಕೊಂಡಿದ್ದೇವೆ.

ಒಗೆತದಲ್ಲಿ ಆಗುವ ತಪ್ಪನ್ನು ಯಾವ ರೋಲರೂ ಪೂರ್ತಿ ಸರಿಪಡಿಸಲಾರದು. ಹಾಸನ್ನು ನಾಲ್ಕೂ ಮೂಲೆಯಿಂದ ಒಳಮುಖವಾಗಿ ಮಡಿಸಿ ಎತ್ತಿ, ಹೊರಗೆ ಒಯ್ದು ಕೊಡವಿ, ದಿಂಬಿನ ಕವರನ್ನು ಒಳಗು ಹೊರಗಾಗಿ ತಿರುವಿ ಮೂಲೆಗಳನ್ನು ಜಾಡಿಸಿ, ಆಮೇಲೆ ಮಷೀನಿಗೆ ಹಾಕಬೇಕು. ಟವೆಲ್ಲುಗಳು ಬೇರೆ. ಮಷೀನನ್ನು ಕುತ್ತಿಗೆಯವರೆಗೆ ತುಂಬಿದರೆ ಕೂದಲು ಬಟ್ಟೆಯಿಂದ ಬಿಡಿಸಿಕೊಂಡು ಹೋಗಲು ನೀರಿಗೆ ಜಾಗವೇ ಇರುವುದಿಲ್ಲ. ಒಳಗಿನ ನಾರು ಹಿಡಿಯುವ ಚೀಲವನ್ನೂ ಪ್ರತಿ ಒಗೆತಕ್ಕೆ ಖಾಲಿ ಮಾಡಬೇಕು. ಬಿಸಿಲಲ್ಲಿ ಒಣಗಿದ ಬಟ್ಟೆಯನ್ನು ತಂತಿಯಿಂದ ತೆಗೆಯುವಾಗ ಇನ್ನೊಮ್ಮೆ ಜಾಡಿಸಿದರೆ ಉಳಿದದ್ದು ಉದುರುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮಲ್ಲಿ ಬಟ್ಟೆ ಒಣಗುವುದೇ ದೊಡ್ಡ ಕಷ್ಟ; ಅರೆ ಒದ್ದೆಯ ಹಾಸಿನಿಂದ ಕೂದಲು ಉದುರುವುದಿಲ್ಲ. ವರ್ಷದ ಆ ನಾಲ್ಕು ತಿಂಗಳಲ್ಲೂ ಅತಿಥಿಗಳನ್ನು ಇಟ್ಟುಕೊಳ್ಳುವವರಿಗೆ ಬಟ್ಟೆ ಒಣಗಿಸುವ ಡ್ರೈಯರ್ ಮೇಲಿನ ಖರ್ಚು ಸಾರ್ಥಕ: ಅದರ ಬಿಸಿಗಾಳಿ ಕೂದಲನ್ನು ಕಿತ್ತು ಜಾಲರಿಗೆ ಸೇರಿಸುತ್ತದೆ. ಉಳಿದವರು ಮಂಚಕ್ಕೆ ಮೂರು ಜೊತೆ ಹಾಸು ಇಟ್ಟುಕೊಂಡರೆ ಸಾಕು.

ಬಚ್ಚಲು

ಬಚ್ಚಲು ತೊಳೆಯಲು ಮೊದಲು ಬಕೆಟ್ಟು ನೀರು ಸುರಿಯುವ ಅಭ್ಯಾಸ ನಮ್ಮೆಲ್ಲರದು. ಕೂದಲಿನ ದೃಷ್ಟಿಯಿಂದ ಅದೇ ತಪ್ಪು. ಅತಿಥಿಗಳು ಹೊರಟೊಡನೆ ಕಿಟಕಿ ತೆರೆದು, ವೈಪರಿನಿಂದ ನೀರು ಎಳೆದುಬಿಟ್ಟು, ಮೊದಲು ಕೋಣೆಯ ಕೆಲಸ ಮುಗಿಸಿ ಬಂದರೆ ಬಚ್ಚಲು ಅಷ್ಟರಲ್ಲಿ ಆರಿರುತ್ತದೆ. ಆಗ ಹಳೆಯ ಪತ್ರಿಕೆಯ ತುಂಡಿನಿಂದಲೋ ಟಿಶ್ಯೂವಿನಿಂದಲೋ ಮೂಲೆಗಳ, ಬೇಸಿನ್ನಿನ, ಕಮೋಡಿನ ಬುಡದ ಕೂದಲನ್ನು ಒತ್ತಿ ತೆಗೆದು, ಆಮೇಲೆ ನೀರು. ಆರಲು ಸಮಯವಿಲ್ಲದ ದಿನ ರಬ್ಬರ್ ಪೊರಕೆಯಿಂದ ಜಾಲರಿಯ ಹತ್ತಿರಕ್ಕೆ ಎಳೆದು ಕೈಯಿಂದ ಎತ್ತುವುದೊಂದೇ ದಾರಿ. ಬೇಸಿನ್ನಿನ ನಲ್ಲಿಯ ಹಿಂಭಾಗ, ಸಾಬೂನಿನ ತಟ್ಟೆಯ ಕೆಳಗು, ಬಾಗಿಲಿನ ಹಿಂದಿನ ಕೊಕ್ಕೆ, ಗೋಡೆಯಲ್ಲಿ ಸೊಂಟದ ಎತ್ತರ ಈ ನಾಲ್ಕು ಕಡೆ ಕೂದಲು ತಪ್ಪದೆ ಇರುತ್ತದೆ.

ನಹಾನಿ ಟ್ರ್ಯಾಪಿನ, ಅಂದರೆ ಬಚ್ಚಲ ನೆಲದಲ್ಲಿ ನೀರು ಹೋಗುವ ಬಾಯಿಯ, ಮೇಲಿನ ಜಾಲರಿಯಲ್ಲಿ ಮೂರು ಬಗೆ. ಮನೆ ಕಟ್ಟುವಾಗ ಹಾಕಿದ ದೊಡ್ಡ ತೂತಿನ ಸ್ಟೀಲ್ ಜಾಲರಿಯಲ್ಲಿ ನೀರು ಸರಾಗ, ಕೂದಲೂ ಸರಾಗ. ಸಣ್ಣ ತೂತಿನ ಸಿಲಿಕೋನ್ ಮುಚ್ಚಳವನ್ನು ಅದರ ಮೇಲೆ ಇಟ್ಟರೆ ಕೂದಲು ನಿಲ್ಲುತ್ತದೆ, ಆದರೆ ಒಂದೇ ಕುಟುಂಬದ ಸ್ನಾನಕ್ಕೆ ಅದು ಮುಚ್ಚಿಕೊಂಡು ಪಾದ ಮುಳುಗುವಷ್ಟು ನೀರು ನಿಲ್ಲಬಹುದು. ಒಬ್ಬಿಬ್ಬರು ಒಂದು ರಾತ್ರಿ ತಂಗುವ ಕೋಣೆಗೆ ಸರಿ. ಒಳಗೆ ಇಳಿಯುವ ಲೋಟದಾಕಾರದ ಜಾಲರಿ ಕೂದಲನ್ನು ಕಣ್ಣಿಗೆ ಕಾಣದಂತೆ ಹಿಡಿದಿಟ್ಟು ನೀರನ್ನೂ ಬಿಡುತ್ತದೆ, ಬೆಲೆ ತುಸು ಹೆಚ್ಚು, ಅಳತೆ ಸರಿಯಾಗಿ ಕೂರಬೇಕು. ನಾಲ್ವರ ಕೋಣೆಗೆ ನಾನು ಲೋಟದ ಜಾಲರಿಯನ್ನೇ ಹೇಳುತ್ತೇನೆ.

ಮೋರಿ ಕಟ್ಟಿಕೊಂಡಾಗ ನಮ್ಮ ಚಳಿ ಸೀಮೆಯಲ್ಲಿ ತೆಂಗಿನೆಣ್ಣೆಯ ಪಾತ್ರವನ್ನು ಮರೆಯಬಾರದು. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಎಣ್ಣೆ ಹಚ್ಚಿದ ಕೂದಲು ಪೈಪಿನಲ್ಲಿ ಮೇಣದ ಬತ್ತಿಯಂತೆ ಕೂರುತ್ತದೆ. ಚೆನ್ನಾಗಿ ಬಿಸಿಯಾದ ನೀರನ್ನು ವಾರಕ್ಕೊಮ್ಮೆ ಹೊಯ್ದು, ಮುಳ್ಳುಗಳಿರುವ ಪ್ಲಾಸ್ಟಿಕ್ ಪಟ್ಟಿಯನ್ನು ಇಳಿಸಿ ಎಳೆದರೆ ಹೆಚ್ಚಿನ ಪಾಲು ಬಂದುಬಿಡುತ್ತದೆ. ಕಾಸ್ಟಿಕ್ ಸೋಡಾದ ಪುಡಿ ಕೂದಲನ್ನು ಕರಗಿಸುವುದು ನಿಜವಾದರೂ ಚರ್ಮವನ್ನೂ ಸುಡುತ್ತದೆ, ಸೆಪ್ಟಿಕ್ ಟ್ಯಾಂಕಿನಲ್ಲಿ ಮಲವನ್ನು ಕೊಳೆಸುವ ಜೀವಾಣುಗಳಿಗೂ ಕೆಟ್ಟದ್ದು. ಹಳ್ಳಿಯ ಮನೆಗಳೆಲ್ಲ ಸೆಪ್ಟಿಕ್ ಟ್ಯಾಂಕನ್ನೇ ನಂಬಿರುವುದರಿಂದ ಅದು ಕೊನೆಯ ಉಪಾಯವಾಗಿರಲಿ. ಆಸಿಡ್ ಇರುವ ಟಾಯ್ಲೆಟ್ ಕ್ಲೀನರಿನ ಜೊತೆಗಂತೂ ಎಂದಿಗೂ ಬೆರೆಸಬೇಡಿ.

ಯಾರಿಗೆ ಯಾವುದು

ಮನೆಯ ಒಂದೇ ಕೋಣೆಯನ್ನು ಕೊಡುವವರಿಗೆ ಬೇರೆ ಪೊರಕೆ, ರಬ್ಬರ್ ಪೊರಕೆ, ಗ್ಲೌಸು, ಒಂದು ರೋಲರ್, ಲೋಟದ ಜಾಲರಿ ಸೇರಿ ಸಾವಿರದೈನೂರು ರೂಪಾಯಿಯ ಆಸುಪಾಸಿನಲ್ಲಿ ಎಲ್ಲವೂ ಮುಗಿಯುತ್ತದೆ; ವ್ಯಾಕ್ಯೂಮ್ ಬೇಡ. ನಮ್ಮಂತೆ ಮೂರು ನಾಲ್ಕು ಕೋಣೆಗಳಿದ್ದು ಕರೆಂಟು ನೆಚ್ಚಲಾಗದ ಕಡೆ ಇಷ್ಟರ ಮೇಲೆ ಬ್ಯಾಟರಿಯ ಕೋಲು ವ್ಯಾಕ್ಯೂಮ್ ಸೇರಿಸಿಕೊಳ್ಳಬಹುದು. ನಗರದ ಟೈಲ್ಸ್ ನೆಲದ ಫ್ಲ್ಯಾಟುಗಳಲ್ಲಿ, ಗಂಟೆಯ ಲೆಕ್ಕದಲ್ಲಿ ಬಂದು ಹೋಗುವವರಿಂದ ಕೆಲಸ ಮಾಡಿಸುವಾಗ, ಚಪ್ಪಟೆ ಮಾಪ್ ಮತ್ತು ಕೋಣೆಗೊಂದು ಬಟ್ಟೆ ಸಮಯ ಉಳಿಸುತ್ತದೆ. ಗೋಕರ್ಣ, ಮಲ್ಪೆಗಳಂಥ ಕಡಲ ತೀರದಲ್ಲಿ ಕೂದಲಿನ ಜೊತೆ ಮರಳೂ ಬರುವುದರಿಂದ ಮೊದಲು ಪೊರಕೆಯಿಂದ ಮರಳು ತೆಗೆಯದೆ ಬೇರೆ ಏನನ್ನೂ ಎಳೆಯಬಾರದು, ನೆಲಕ್ಕೆ ಗೀರು ಬೀಳುತ್ತದೆ. ನಾಯಿಯನ್ನು ಕರೆತರಲು ಬಿಡುವ ಮನೆಗಳಲ್ಲಿ ಒಂದು ಕೋಣೆಯನ್ನು ಅದಕ್ಕೆಂದೇ ಮೀಸಲಿಟ್ಟು, ಬಟ್ಟೆಯ ಸೋಫಾದ ಬದಲು ಬೆತ್ತದ ಕುರ್ಚಿ ಹಾಕಿ. ಮೋಟು ರೋಮವನ್ನು ಸೋಫಾದಿಂದ ಪೂರ್ತಿ ತೆಗೆಯುವುದು ವ್ಯಾಕ್ಯೂಮಿಗೂ ಕಷ್ಟ.

ಯಾವ ಮನೆಯಾದರೂ ಹಣವೇ ಬೇಡದ ಎರಡು ಏರ್ಪಾಡುಗಳಿವೆ. ಕಿಟಕಿಯ ಬಳಿ, ಗಟ್ಟಿ ನೆಲದ ಮೇಲೆ ಕನ್ನಡಿ, ಅದರ ಕೆಳಗೇ ಮುಚ್ಚಳದ ಕಸದ ಡಬ್ಬಿ ಇಟ್ಟರೆ ಅತಿಥಿಗಳು ತಲೆ ಬಾಚುವುದು ಅಲ್ಲಿಯೇ, ಹಾಸಿಗೆಯ ಮೇಲೆ ಕುಳಿತಲ್ಲ. ಇನ್ನೊಂದು, ಹಾಸಿಗೆ ಹಾಸುವವರು ತಲೆಗೆ ಬಟ್ಟೆ ಕಟ್ಟಿಕೊಳ್ಳುವುದು. ಗಿಡ್ಡ ಕೂದಲಿನ ಹುಡುಗರಿಬ್ಬರು ತಂಗಿ ಹೋದ ಕೋಣೆಯಲ್ಲಿ ಒಮ್ಮೆ ಉದ್ದನೆಯ ನರೆಗೂದಲು ಸಿಕ್ಕಿದಾಗ ಅದು ನನ್ನದೇ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಂದಿನಿಂದ ಗುಡಿಸಿ ಮುಗಿಸಿ, ಕೈ ತೊಳೆದು, ತಲೆಗೆ ಬಟ್ಟೆ ಕಟ್ಟಿ ಹಾಸಿಗೆ ಹಾಸುತ್ತೇವೆ; ನೆಲ ಒರೆಸುವುದು ಎಲ್ಲಕ್ಕಿಂತ ಕೊನೆಗೆ, ಒಳಗಿನಿಂದ ಬಾಗಿಲ ಕಡೆಗೆ ಹಿಂದೆ ಸರಿಯುತ್ತ. ಒರೆಸುವ ಮೊದಲು ಕಿಟಕಿಯ ಪರದೆ ಎಳೆದು, ಮೊಬೈಲಿನ ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡಡ್ಡವಾಗಿ ಹಿಡಿಯುತ್ತೇನೆ. ಕೆಂಪು ನೆಲದಲ್ಲಿ ನಿಂತವರ ಕಣ್ಣಿಗೆ ಕಾಣದ ಕರಿಯ ಕೂದಲು ಆ ಬೆಳಕಿಗೆ ಉದ್ದ ನೆರಳು ಚಾಚಿಕೊಂಡು ಗೆರೆ ಎಳೆದಂತೆ ಕಾಣುತ್ತದೆ.